ತಾನೇ ಶಾಣ್ಯಾ ಅನ್ನುವ ಧಾಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆ ನಾಟಕ, ಸಂಗೀತ, ಪುಸ್ತಕಗಳ ಬಗ್ಗೆ ಬರೆಯಲು ಶುರು ಮಾಡಿದ ಹುಡುಗ ಹುಡುಗಿಯರು ಆಗಾಗ ನನ್ನ ಹತ್ತಿರ ಬರುತ್ತಾರೆ. ಅವರ ಪ್ರಶ್ನೆಗಳು ಬಹುಪಾಲು ಒಂದೇ ದೂರಿನ ಸುತ್ತ ತಿರುಗುತ್ತವೆ. "ಆ ನಾಟಕದಾಗ ಏನೋ ಬೀಗೋ ಧಾಟಿ ಇತ್ತು." "ಆ ವಿಮರ್ಶಕರಿಗೆ ಭಾಳ ಸೊಕ್ಕು." "ನನ್ನ ಲೇಖನ ಓದಿ, ನೀನೇನು ಭಾಳ ಶಾಣ್ಯಾ ಆಗೀಯೇನು ಅಂದ್ರು." ಅದಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ. ಕೆಲವು ಉದ್ದ ಇವೆ, ಕೆಲವು ಗಿಡ್ಡ. ಬೇಕಾದಲ್ಲಿಂದ ಓದಿ.

ಈ ದೂರು ನಿಜಕ್ಕೂ ಯಾವುದರ ಬಗ್ಗೆ?

ಒಬ್ಬರು ತಮ್ಮ ಮಾತು ಸರಿ ಅಂತ ನಂಬಿದರೆ ನಮಗೇನೂ ಸಿಟ್ಟು ಬರುವುದಿಲ್ಲ. ಅದು ಸರಿ ಅಂತ ಎಂದೋ ತೀರ್ಮಾನವಾಗಿದೆ, ಉಳಿದವರ ತಲೆಗೆ ಹೋಗುವುದಷ್ಟೇ ಬಾಕಿ ಅನ್ನುವ ಹಾಗೆ ಮಾತಾಡಿದಾಗ ಸಿಟ್ಟು ಬರುತ್ತದೆ. ದನಿ ಏರಿಸಬೇಕು ಅಂತೇನಿಲ್ಲ. ಬಹಳ ಸಲ ದನಿ ಮೆತ್ತಗೇ ಇರುತ್ತದೆ, ತುಟಿಯ ತುದಿಯಲ್ಲಿ ಒಂದು ಸಣ್ಣ ನಗು ಇರುತ್ತದೆ.

ಬಸವಣ್ಣನವರ ವಚನವೊಂದರಲ್ಲಿ "ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ" ಅಂತ ಎರಡು ಮಾತು ಪಕ್ಕಪಕ್ಕದಲ್ಲೇ ಬರುತ್ತವೆ. ಇಲ್ಲಿ ಆ ಎರಡೂ ಒಂದೇ ಕೆಲಸವಾಗಿಬಿಡುತ್ತವೆ. ಎದುರಿನವರನ್ನು ಹಳಿದರೆ ಸಾಕು, ತನ್ನನ್ನು ಬಣ್ಣಿಸಿಕೊಂಡ ಹಾಗೇ ಆಗುತ್ತದೆ. ಬೇರೆ ಖರ್ಚಿಲ್ಲ.

ಆತ್ಮವಿಶ್ವಾಸಕ್ಕೂ ಇದಕ್ಕೂ ಏನು ಫರಕು?

ಇದಕ್ಕೆ ಉತ್ತರ ಗದುಗಿನಲ್ಲಿದೆ. ವೀರನಾರಾಯಣನ ಗುಡಿಗೆ ಹೋದರೆ ಕುಮಾರವ್ಯಾಸ ಒರಗಿ ಕೂತು ಭಾರತ ಬರೆದ ಕಂಬ ಇದು ಅಂತ ತೋರಿಸುತ್ತಾರೆ. ಆ ಕವಿ ತನ್ನ ಕಾವ್ಯದ ಮೊದಲಲ್ಲೇ ತನ್ನ ಹೆಗ್ಗಳಿಕೆಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಹಲಗೆ ಬಳಪ ಹಿಡಿಯಲಿಲ್ಲ. ಇಟ್ಟ ಪದ ಅಳಿಸಲಿಲ್ಲ. ಬೇರೆಯವರ ರೀತಿಯನ್ನು ತೆಗೆದುಕೊಳ್ಳಲಿಲ್ಲ. ಓಲೆಯ ಮೇಲೆ ಕಂಠದ, ಅಂದರೆ ಬರೆಯುವ ಕಬ್ಬಿಣದ ಕಡ್ಡಿಯ ಸದ್ದು ನಿಲ್ಲಲಿಲ್ಲ. ಇಷ್ಟಕ್ಕೇ ಬಿಡುವುದಿಲ್ಲ. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕುತ್ತಿದ್ದಾನೆ ಅಂತ ಹಿಂದಿನವರನ್ನೂ ಒಂದು ಕೈ ನೋಡಿಕೊಳ್ಳುತ್ತಾನೆ.

ಇವತ್ತು ಯಾರಾದರೂ ಪುಸ್ತಕ ಬಿಡುಗಡೆಯಲ್ಲಿ ಹೀಗೆ ಮಾತಾಡಿದರೆ ಚಹಾ ಹೊತ್ತಿಗೆ ಇಡೀ ಊರು ಆಡಿಕೊಳ್ಳುತ್ತದೆ. ಆದರೂ ಕುಮಾರವ್ಯಾಸನನ್ನು ಓದುವಾಗ ಆ ಮಾತು ಚುಚ್ಚುವುದಿಲ್ಲ. ಯಾಕೆ? ಹೇಳಿದ್ದನ್ನು ಮಾಡಿ ತೋರಿಸುವ ಹೊಣೆಯನ್ನು ಅವನೇ ಹೊತ್ತುಕೊಂಡಿದ್ದಾನೆ. ಹೆಗ್ಗಳಿಕೆ ಮೊದಲಲ್ಲಿದೆ, ಹಿಂದೆ ಹತ್ತು ಪರ್ವ ಇವೆ. ನಿಂತು ಒರೆಗೆ ಹಚ್ಚಿ ಅಂತ ಕೇಳುಗರನ್ನು ಕರೆಯುತ್ತಾನೆ. ಕೇಳುಗರು ಶತಮಾನಗಳ ಕಾಲ ಹಚ್ಚಿದ್ದಾರೆ. ಪದ್ಯದ ಕೊನೆಗೆ ಈ ಬಲವೆಲ್ಲ ವೀರನಾರಾಯಣನ ಕಿಂಕರನದು ಅಂತ ತನ್ನ ಜಾಗವನ್ನೂ ಹೇಳಿಕೊಳ್ಳುತ್ತಾನೆ.

ಜಂಬ ಕೊಚ್ಚಿಕೊಂಡವನು ಪರೀಕ್ಷೆಗೆ ಕೂರುತ್ತಾನೆ. ಬೀಗುವವನು ಹೋದ ಕೂಡಲೇ ಪರೀಕ್ಷಕನ ಕುರ್ಚಿಯಲ್ಲಿ ಕೂತಿರುತ್ತಾನೆ.

ಮನುಷ್ಯರು ಬೀಗಬಹುದು. ಒಂದು ನಾಟಕವೋ ಸಿನಿಮಾವೋ ಹೇಗೆ ಬೀಗುತ್ತದೆ?

ಯಾರ ಮೇಲೆ ನಗುತ್ತಿದೆ, ಅವರು ಸಭಾಂಗಣದಲ್ಲಿ ಇದ್ದಾರಾ ಅಂತ ನೋಡಿ. ಮುಕ್ಕಾಲು ಉತ್ತರ ಅಲ್ಲೇ ಸಿಗುತ್ತದೆ.

ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಾದ ವಿಷಯ ಅಲ್ಲ. ಎಷ್ಟು ಕನ್ನಡ ಸಿನಿಮಾಗಳಲ್ಲಿ ನಮ್ಮ ಭಾಷೆ ಮಾತಾಡುವ ಪಾತ್ರ ಬಂದಿದೆ ಅಂದರೆ ಆತ ಒಂದೋ ಅಡುಗೆಯವನು, ಒಂದೋ ಬೈಗುಳದ ಪೈಲ್ವಾನ, ಇಲ್ಲವೇ ಪಟ್ಟಣಕ್ಕೆ ಬಂದು ಪಿಳಿಪಿಳಿ ನೋಡುವ ಗೌಡ. ಪ್ರೀತಿಸುವ ಹುಡುಗ, ಲೆಕ್ಕ ಗೊತ್ತಿರುವ ಹೆಂಗಸು, ಯೋಚನೆ ಮಾಡುವ ಮೇಷ್ಟ್ರು ಈ ಭಾಷೆಯಲ್ಲಿ ಮಾತಾಡುವುದು ಅಪರೂಪ. "ಲೇ ಮಗನ" ಅಂದ ಕೂಡಲೇ ನಗು ಬರಬೇಕು ಅಂತ ಲೆಕ್ಕ ಹಾಕಿರುತ್ತಾರೆ. ಇದು ದ್ವೇಷ ಅಲ್ಲ. ದ್ವೇಷಕ್ಕೆ ಅಷ್ಟಾದರೂ ಗಮನ ಬೇಕು. ನೋಡುವವರಿಗೆ "ನಾವು ಮಾತಾಡೋದು ಸರಿಯಾದ ಕನ್ನಡ" ಅನ್ನುವ ನೆಮ್ಮದಿಯನ್ನು ಟಿಕೆಟ್ ಜೊತೆ ಪುಕ್ಕಟೆ ಕೊಡುವುದು, ಅಷ್ಟೇ.

ಹಾಗಂತ ನಾವೇನು ಕಡಿಮೆ ಇಲ್ಲ. ನಮ್ಮ ವೇದಿಕೆಗಳಲ್ಲಿ ಬರುವ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನನ್ನು ನೆನಪಿಸಿಕೊಳ್ಳಿ. ಅರ್ಧ ಇಂಗ್ಲಿಷ್, ಅಪ್ಪ ಅಮ್ಮನ ಮೇಲೆ ಪ್ರೀತಿ ಇಲ್ಲ, ರೊಟ್ಟಿ ಮುರಿಯಲು ಬರಲ್ಲ. ಕೊನೆಯ ದೃಶ್ಯದಲ್ಲಿ ಅಜ್ಜಿಯ ಕಾಲಿಗೆ ಬಿದ್ದು ಅಳುತ್ತಾನೆ. ಪ್ರೇಕ್ಷಕರು ಖುಷಿಯಾಗಿ ಮನೆಗೆ ಹೋಗುತ್ತಾರೆ. ಅವರಲ್ಲಿ ಬಹಳ ಜನ ತಮ್ಮ ಮಕ್ಕಳನ್ನು ಬೆಂಗಳೂರಿಗೆ ಕಳಿಸಿದವರೇ. ಆ ಮಾತನ್ನು ನಾಟಕ ಎತ್ತುವುದೇ ಇಲ್ಲ. ಎತ್ತಿದ್ದರೆ ಅದು ಬೇರೆ ನಾಟಕ ಆಗುತ್ತಿತ್ತು, ಬಹುಶಃ ಒಳ್ಳೆಯದೂ ಆಗುತ್ತಿತ್ತು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರಲ್ಲ?

ಹೊಡೆಯಲಿ. ಚಪ್ಪಾಳೆಯಲ್ಲೂ ತರಹ ಇವೆ. ನಟಿಯೊಬ್ಬಳು ಮಾತಿಲ್ಲದೆ ಒಂದು ನಿಮಿಷ ನಿಂತು ಗೆದ್ದಾಗ ಬರುವ ಚಪ್ಪಾಳೆ ತುಸು ತಡವಾಗಿ ಬರುತ್ತದೆ. ಪಾತ್ರದ ಬಾಯಲ್ಲಿ ಈ ವಾರದ ಪತ್ರಿಕೆಯ ಸಂಪಾದಕೀಯ ಹೇಳಿಸಿದಾಗ ಮಾತು ಮುಗಿಯುವ ಮೊದಲೇ ಬರುತ್ತದೆ. ಎರಡನೆಯದು "ನಾವೂ ಅದನ್ನೇ ಅಂತಿದ್ವಿ" ಅನ್ನುವ ಚಪ್ಪಾಳೆ. ಧಾರವಾಡದ ರಂಗಾಯಣದಲ್ಲಿ ಕೂತರೂ, ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಂಗಣದಲ್ಲಿ ಕೂತರೂ ಕಿವಿಗೆ ಫರಕು ಗೊತ್ತಾಗುತ್ತದೆ.

ಹವ್ಯಾಸಿ ರಂಗಭೂಮಿಯವರಿಗೆ ಸೊಕ್ಕು ಅಂತ ಕಂಪನಿ ನಾಟಕದವರು ಹೇಳುತ್ತಾರೆ. ನಿಜವೇ?

ಬಹುಮಟ್ಟಿಗೆ ನಿಜ. ನಮ್ಮ ಕಡೆ ಸಂಗೀತ ಮತ್ತು ಕಂಪನಿ ನಾಟಕ ಒಂದೇ ಮನೆಯಲ್ಲಿ ಬೆಳೆದವು. ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಹಾಡಿ ನಟಿಸಿದವರು. ಗದುಗಿನಲ್ಲಿ ಗರೂಡ ಸದಾಶಿವರಾಯರ ಕಂಪನಿ ಹೆಸರು ಮಾಡಿತ್ತು. ಅಂಧ ಮಕ್ಕಳಿಗೆ ಸಂಗೀತ ಕಲಿಸುವ ಗದುಗಿನ ವೀರೇಶ್ವರ ಪುಣ್ಯಾಶ್ರಮವೂ ನಾಟಕ ಕಂಪನಿ ಕಟ್ಟಿತ್ತು. ಅಲ್ಲಿ ನಟರಿಗೆ ಮೈಕಿಲ್ಲದೆ ಕೊನೆಯ ಸಾಲಿಗೆ ದನಿ ಮುಟ್ಟಿಸುವ ತಾಲೀಮು ಇತ್ತು. ಬೆಳಗಿನ ತನಕ ಜನರನ್ನು ಕೂರಿಸುವ ಕಸುಬು ಇತ್ತು.

ಇದನ್ನೆಲ್ಲ ಒಂದೇ ಮಾತಿನಲ್ಲಿ "ಮೆಲೋಡ್ರಾಮಾ" ಅಂತ ಬದಿಗಿಟ್ಟ ಹವ್ಯಾಸಿಗಳು ಬಹಳ. ಕೆಲವರು ಒಂದೂ ಕಂಪನಿ ನಾಟಕವನ್ನು ಪೂರ್ತಿ ನೋಡದೆ ಈ ಮಾತು ಹೇಳಿದರು. ಅದು ಬೀಗುವುದೇ ಸರಿ. ಇವತ್ತಿನ ಜಾತ್ರೆ ನಾಟಕಗಳಲ್ಲಿ ಎರಡರ್ಥದ ಮಾತು ತುಂಬಿಕೊಂಡಿರುವುದೂ ನಿಜವೇ. ಅದನ್ನು ಟೀಕಿಸಿದರೆ ಸೊಕ್ಕಲ್ಲ, ಕೂತು ನೋಡಿ ಟೀಕಿಸಬೇಕು.

ಕಂಪನಿಯವರ ಮರುಮಾತು ಗೊತ್ತಲ್ವಾ? "ನಿಮ್ಮ ನಾಟಕಕ್ಕ ಎಷ್ಟ್ ಮಂದಿ ಬರ್ತಾರ್ರೀ?" ಗಲ್ಲಾಪೆಟ್ಟಿಗೆ ತೋರಿಸಿ ವಾದ ಮುಗಿಸುವುದೂ ಅದೇ ಧಾಟಿ, ಅಂಗಿ ಮಾತ್ರ ಬೇರೆ.

ಧಾರವಾಡದವರಿಗೆ ಹಮ್ಮು ಜಾಸ್ತಿ ಅಂತ ಹುಬ್ಬಳ್ಳಿಯವರು ಹೇಳುತ್ತಾರಲ್ಲ?

ಈ ಪ್ರಶ್ನೆ ಕೇಳುವವರು ಯಾವಾಗಲೂ ಹುಬ್ಬಳ್ಳಿಯವರೇ.

1962ರಲ್ಲಿ ಎರಡೂ ಊರು ಸೇರಿಸಿ ಒಂದು ಮಹಾನಗರ ಪಾಲಿಕೆ ಮಾಡಿದರು. ನಡುವಿನ ದಾರಿ ಸುಮಾರು 20 ಕಿಲೋಮೀಟರ್. ಚಿಗರಿ ಬಸ್ಸು ಹತ್ತಿದರೆ ಒಂದು ಸಣ್ಣ ಕತೆ ಓದುವಷ್ಟರಲ್ಲಿ ಆ ತುದಿ ಮುಟ್ಟಬಹುದು. ಆದರೂ ಮನಸ್ಸು ಸೇರಿಲ್ಲ. ಧಾರವಾಡದಲ್ಲಿ ಕಲ್ಲು ಎಸೆದರೆ ಕವಿಯ ಮನೆ ಮೇಲೆ ಬೀಳುತ್ತದೆ ಅಂತ ಧಾರವಾಡದವರೇ ನಗುತ್ತಾ ಹೇಳಿಕೊಳ್ಳುತ್ತಾರೆ. ಆ ನಗುವಿನಲ್ಲಿ ಎಷ್ಟು ಪಾಲು ತಮಾಷೆ, ಎಷ್ಟು ಪಾಲು ಹೆಮ್ಮೆ ಅಂತ ಹುಬ್ಬಳ್ಳಿಯವರಿಗೆ ಚೆನ್ನಾಗಿ ಗೊತ್ತು.

ಹೆಮ್ಮೆಗೆ ಕಾರಣ ಇವೆ. ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಪುಸ್ತಕ ಪ್ರಕಟಿಸುವ ಮನೋಹರ ಗ್ರಂಥಮಾಲೆ 1933ರಲ್ಲಿ. ಬೇಂದ್ರೆ ಸಾಧನಕೇರಿಯವರು. ಆದರೆ ಗಂಗೂಬಾಯಿ ಹಾನಗಲ್ ಬಾಳಿದ್ದು ಹುಬ್ಬಳ್ಳಿಯಲ್ಲಿ. ಅವರ ಗುರು ಸವಾಯಿ ಗಂಧರ್ವರ ಊರು ಕುಂದಗೋಳ. "ಹುಬ್ಬಳ್ಳಿ ಅಂದ್ರ ಬರೇ ವ್ಯಾಪಾರ" ಅನ್ನುವವರು ಇದನ್ನು ಮರೆತೇ ಮಾತಾಡುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ದೂರಿನಲ್ಲಿ ಹುರುಳಿದೆ. ಹಳೆಯ ಹೆಸರುಗಳನ್ನು ಓದುವುದು ಬೇರೆ, ಸರ್ಟಿಫಿಕೇಟಿನ ಹಾಗೆ ಗೋಡೆಗೆ ನೇತುಹಾಕುವುದು ಬೇರೆ. ಬೇಂದ್ರೆಯವರ ಹತ್ತು ಸಾಲು ಬಾಯಿಪಾಠ ಇಲ್ಲದವರೂ "ನಮ್ಮ ಬೇಂದ್ರೆ ಅಜ್ಜ" ಅನ್ನುತ್ತಾರೆ. ಅದೇ ಹೊತ್ತಿಗೆ ಹೊಸದಾಗಿ ಬರೆಯುವ ಹುಡುಗಿ ಸಭೆಯ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿರುತ್ತಾಳೆ.

ಸಂಗೀತ ಕೇಳುವ ಹಿರಿಯರು "ನೀವು ಮನ್ಸೂರರನ್ನ ಕೇಳಿಲ್ಲ ಬಿಡ್ರಿ" ಅಂತಾರೆ. ಏನು ಹೇಳಲಿ?

ಕೇಳಿಲ್ಲ ಅಂತಲೇ ಹೇಳಿ. ಮನ್ಸೂರರು ತೀರಿಕೊಂಡದ್ದು 1992ರಲ್ಲಿ. ಅವರನ್ನು ಎದುರು ಕೂತು, ತಿಳಿದು ಕೇಳಿದವರಿಗೆ ಈಗ ಹೆಚ್ಚೂ ಕಡಿಮೆ ಐವತ್ತು ದಾಟಿರುತ್ತದೆ. ಅದು ಅವರ ಭಾಗ್ಯ, ನಿಮ್ಮ ತಪ್ಪಲ್ಲ.

ಆಮೇಲೆ ಒಂದು ಪ್ರಶ್ನೆ ಕೇಳಿ: "ಏನು ಕೇಳಿದ್ರಿ? ಹೇಳ್ರಿ." ಹಿರಿಯರಲ್ಲಿ ಎರಡು ತರಹದವರಿದ್ದಾರೆ ಅಂತ ಆಗ ಗೊತ್ತಾಗುತ್ತದೆ. ಒಬ್ಬರು ಕಣ್ಣು ಅರಳಿಸಿ, ಅಪರೂಪದ ರಾಗವನ್ನು ಅವರು ಪೀಠಿಕೆ ಇಲ್ಲದೆ ಎತ್ತಿಕೊಳ್ಳುತ್ತಿದ್ದ ರೀತಿ, ಉಸಿರು ಬಿಡಲು ಜಾಗ ಕೊಡದೆ ಸ್ವರ ಹೆಣೆಯುತ್ತಿದ್ದ ರೀತಿ ಹೇಳುತ್ತಾರೆ. ಅವರ ಕಾಲ ಬಳಿ ಕೂತುಬಿಡಿ. ಇನ್ನೊಬ್ಬರು "ಅದೆಲ್ಲ ಹೇಳಿದ್ರ ತಿಳಿಯೂದಲ್ಲ" ಅಂತಾರೆ. ಅವರಿಗೆ ನಮಸ್ಕಾರ ಮಾಡಿ ಮುಂದೆ ಹೋಗಿ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನಲ್ಲಿ ನಡೆಯುವ ಸಂಗೀತ ಸಭೆಯಲ್ಲಿ ಇಬ್ಬರೂ ಸಿಗುತ್ತಾರೆ. "ವಾಹ್" ಅಂದ ಮೇಲೆ ಗವಾಯಿಯನ್ನು ನೋಡುವವರು ಮೊದಲನೆಯವರು. ಅಕ್ಕಪಕ್ಕದವರನ್ನು ನೋಡುವವರು ಎರಡನೆಯವರು.

ಸಾರ್ವಜನಿಕ ಚರ್ಚೆಯಲ್ಲಿ ಈ ದೂರು ಅಷ್ಟು ಸಲೀಸಾಗಿ ಓಡುವುದು ಯಾಕೆ?

ಇದನ್ನು ಯಾರೂ ಸುಳ್ಳು ಅಂತ ತೋರಿಸಲಾಗುವುದಿಲ್ಲ. "ನಿಮ್ಮ ಅಂಕಿ ತಪ್ಪು" ಅಂದರೆ ಅಂಕಿ ತೆಗೆದು ನೋಡಬಹುದು. "ನಿಮಗೆ ಸೊಕ್ಕು" ಅಂದರೆ ಏನು ತೆಗೆದು ತೋರಿಸುವುದು? ಉತ್ತರ ಕೊಟ್ಟರೆ ಸೊಕ್ಕು, ಸುಮ್ಮನಿದ್ದರೆ ಇನ್ನೂ ಜಾಸ್ತಿ ಸೊಕ್ಕು. ಹಾಗಾಗಿ ದೂರುವವರು ಸೋಲುವುದೇ ಇಲ್ಲ. ಸೋಲಿನ ಭಯ ಇಲ್ಲದ ಜಾಗದಿಂದ ಮಾತಾಡುವುದನ್ನೇ ಅಲ್ವಾ ನಾವು ಬೀಗುವುದು ಅಂದದ್ದು?

ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಸಿನಿಮಾ ವಿಮರ್ಶಕಿ ಪಾಲಿನ್ ಕೇಲ್ 1972ರ ಕೊನೆಯಲ್ಲಿ ಒಂದು ಭಾಷಣ ಮಾಡಿದರು. ಆಗಷ್ಟೇ ಅಧ್ಯಕ್ಷರ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ 50ರಲ್ಲಿ 49 ರಾಜ್ಯ ಗೆದ್ದಿದ್ದರು. "ನಿಕ್ಸನ್ ಗೆದ್ದದ್ದು ಹೇಗೆ? ನನಗೆ ಗೊತ್ತಿರುವವರು ಯಾರೂ ಓಟು ಹಾಕಿಲ್ಲ" ಅಂತ ಕೇಲ್ ಹೇಳಿದರು ಅನ್ನುವ ಮಾತು ಇವತ್ತಿಗೂ ಓಡಾಡುತ್ತಿದೆ. ನಗರದ ಬುದ್ಧಿವಂತರ ಸೊಕ್ಕಿಗೆ ಅದೇ ಸಾಕ್ಷಿ ಅಂತ ಎಷ್ಟೋ ಜನ ಬಳಸಿದ್ದಾರೆ. ಆದರೆ ಕೇಲ್ ಹೇಳಿದ್ದು ಹಾಗಲ್ಲ. ತಾನಿರುವುದು ಒಂದು ವಿಶೇಷ ಲೋಕದಲ್ಲಿ, ನಿಕ್ಸನ್‌ಗೆ ಓಟು ಹಾಕಿದ ಒಬ್ಬರಷ್ಟೇ ತನಗೆ ಗೊತ್ತು ಅಂದಿದ್ದರು. ಅಂದರೆ ತನ್ನ ಲೋಕ ಚಿಕ್ಕದು ಅಂತ ಅವರೇ ಹೇಳಿಕೊಂಡಿದ್ದರು.

ಕತೆ ಇಲ್ಲಿಗೇ ಮುಗಿಯುವುದಿಲ್ಲ. ಉಳಿದ ಓಟುದಾರರ ಬಗ್ಗೆ, ಒಮ್ಮೊಮ್ಮೆ ಥಿಯೇಟರಿನಲ್ಲಿ ಕೂತಾಗ ಅವರು ಇರುವುದು ತನಗೆ ಅನುಭವಕ್ಕೆ ಬರುತ್ತದೆ ಅಂತಲೂ ಹೇಳಿದ್ದರು. ದೂರಬೇಕಿದ್ದರೆ ಆ ಮಾತನ್ನು ಹಿಡಿದು ದೂರಬಹುದಿತ್ತು. ಕತ್ತಲಲ್ಲಿ ಪಕ್ಕ ಕೂತ ಜನರನ್ನು ಯಾವುದೋ ಬೇರೆ ಜಾತಿಯ ಜೀವಿಗಳು ಅನ್ನುವ ಹಾಗೆ ಮಾತಾಡುವುದು ಎಷ್ಟು ಸರಿ ಅಂತ ಕೇಳಬಹುದಿತ್ತು. ನಿಜವಾದ ವಾಕ್ಯ ಕೈಯಲ್ಲೇ ಇರುವಾಗ ಜನ ಹೇಳದ ವಾಕ್ಯವನ್ನು ಆರಿಸಿಕೊಂಡರು.

ಹಾಗಾದರೆ ಇಂಥ ದೂರು ಮಾಡಲೇಬಾರದೇ?

ಮಾಡಿ. ಆದರೆ ಬೆರಳಿಟ್ಟು ತೋರಿಸುವ ಜಾಗ ಇರಲಿ.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕಾರ್ಯಕ್ರಮದ ಪಟ್ಟಿಯಲ್ಲಿ ಮುಸ್ಲಿಂ ಬರಹಗಾರರನ್ನು ಕಡೆಗಣಿಸಿದ್ದಾರೆ ಅಂತ ಹಲವು ಲೇಖಕರು ಆಕ್ಷೇಪ ಎತ್ತಿದರು. ಜನವರಿ 8ರಂದು ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ಅಂತ ಪ್ರತ್ಯೇಕ ಸಭೆಯೂ ಆಯಿತು. ನೀವು ಯಾವ ಕಡೆಯವರೇ ಆಗಿ, ಆಕ್ಷೇಪದ ರೂಪ ಗಮನಿಸಿ. ಆಹ್ವಾನ ಪತ್ರಿಕೆ ಇದೆ, ಹೆಸರುಗಳಿವೆ, ಎಣಿಸಬಹುದು. ಶಿಶುನಾಳ ಶರೀಫರ ಜಿಲ್ಲೆಯಲ್ಲಿ ಹೀಗಾಯಿತಲ್ಲ ಅಂತ ಕೇಳಿದರೆ ಆ ಪ್ರಶ್ನೆಗೆ ನೆಲ ಇದೆ.

ಅದಕ್ಕೆ "ಈ ಬುದ್ಧಿಜೀವಿಗಳಿಗೆ ಯಾವಾಗಲೂ ಇದೇ ಚಾಳಿ" ಅನ್ನುವ ಉತ್ತರ ಬಂದರೆ ಅದರಲ್ಲಿ ಎಣಿಸಲು ಏನೂ ಇಲ್ಲ. "ಸಮ್ಮೇಳನಕ್ಕೆ ಹೋದವರೆಲ್ಲ ಊಟಕ್ಕೆ ಹೋದವರು" ಅಂತ ಈ ಕಡೆಯಿಂದ ಬಂದರೂ ಅಷ್ಟೇ. ಸಮ್ಮೇಳನದ ಊಟದ ಬಗ್ಗೆ ಮೂಗು ಮುರಿಯುವುದು ನಮ್ಮಲ್ಲಿ ಒಂದು ಚಟ. ಮೂರು ದಿನದ ಕೂಲಿ ಬಿಟ್ಟು ಪುಸ್ತಕದ ಅಂಗಡಿ ಸುತ್ತಲು ಬಂದವನು ಹಸಿದಿದ್ದರೆ ಅದರಲ್ಲಿ ನಗುವಂಥದ್ದೇನಿದೆ?

ಗಿರೀಶ ಕಾರ್ನಾಡರನ್ನೂ ಸೊಕ್ಕಿನವರು ಅನ್ನುತ್ತಿದ್ದರಲ್ಲ?

ಅನ್ನುತ್ತಿದ್ದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜಿನಲ್ಲಿ ಓದಿದವರು, ಇಲ್ಲಿಯ ಅಟ್ಟದಲ್ಲಿ, ಅಂದರೆ ಮನೋಹರ ಗ್ರಂಥಮಾಲೆಯ ಕಚೇರಿಯಲ್ಲಿ, ಬೆಳೆದವರು ಅನ್ನುವ ಅಭಿಮಾನದ ಪಕ್ಕದಲ್ಲೇ ಆ ಮಾತೂ ಇತ್ತು.

2012ರ ನವೆಂಬರಿನಲ್ಲಿ ಮುಂಬೈಯ ಸಾಹಿತ್ಯ ಉತ್ಸವವೊಂದರಲ್ಲಿ ಅವರು ರಂಗಭೂಮಿ ಬಗ್ಗೆ ಮಾತಾಡಬೇಕಿತ್ತು. ಅದೇ ಉತ್ಸವ ಇಂಗ್ಲಿಷ್ ಲೇಖಕ ವಿ.ಎಸ್. ನೈಪಾಲರಿಗೆ ಜೀವಮಾನ ಸಾಧನೆಯ ಗೌರವ ಕೊಟ್ಟಿತ್ತು. ಕಾರ್ನಾಡರು ತಮ್ಮ ಹೊತ್ತನ್ನು ನೈಪಾಲರ ಟೀಕೆಗೆ ಬಳಸಿದರು. ಭಾರತದ ಮುಸ್ಲಿಮರ ಬಗ್ಗೆ ನೈಪಾಲರು ಬರೆದದ್ದನ್ನು ಖಂಡಿಸಿದರು. ಭಾರತದ ಬಗ್ಗೆ ಅವರು ಬರೆದ ಮೂರು ಪುಸ್ತಕಗಳಲ್ಲಿ ಸಂಗೀತದ ಮಾತೇ ಇಲ್ಲ ಅಂದರು.

ಕರೆದವರ ಮನೆಯಲ್ಲಿ ಕೂತು ಹೀಗೆ ಮಾಡಿದ್ದು ಸರಿಯೇ ಅಂತ ಕೆಲವರು ಕೇಳಿದರು. ಆ ಪ್ರಶ್ನೆ ಇರಲಿ. ಸಂಗೀತದ ಮಾತು ನೋಡಿ. ಅದು ಧಾರವಾಡದ ನೀರು ಕುಡಿದವರಿಗೆ ಹೊಳೆಯುವ ಮಾತು. ಅಬ್ದುಲ್ ಕರೀಂ ಖಾನರು ಕುಂದಗೋಳದ ರಾಮಭಾವು ಅವರಿಗೆ ಕಲಿಸಿದರು. ರಾಮಭಾವು ಸವಾಯಿ ಗಂಧರ್ವರಾಗಿ ಗಂಗೂಬಾಯಿಗೆ, ಗದಗ ಸೀಮೆಯ ಭೀಮಸೇನ ಜೋಶಿಗೆ ಕಲಿಸಿದರು. ಈ ದಾರಿಯನ್ನು ಕಾಣದೆ ಭಾರತದ ಹಿಂದೂ ಮುಸ್ಲಿಂ ಸಂಬಂಧದ ಬಗ್ಗೆ ತೀರ್ಪು ಕೊಟ್ಟರೆ ಏನೋ ತಪ್ಪಿಹೋಗುತ್ತದೆ. ಟೀಕೆ ಖಾರವಾಗಿತ್ತು. ಆದರೆ ಪುಸ್ತಕ ತೆಗೆದು ಒಪ್ಪಬಹುದು, ಬಿಡಬಹುದು.

ಅದೇ ತಿಂಗಳು ಅವರು ಟ್ಯಾಗೋರರನ್ನು ದೊಡ್ಡ ಕವಿ, ಆದರೆ ಸಾಧಾರಣ ನಾಟಕಕಾರ ಅಂದರು. ಮತ್ತೆ ಗದ್ದಲ. ನನಗನ್ನಿಸುವಂತೆ ಅದು ಸೊಕ್ಕಿಗಿಂತ ಒಬ್ಬ ಕಸುಬುದಾರ ಇನ್ನೊಬ್ಬ ಕಸುಬುದಾರನ ಕೆಲಸ ನೋಡಿ ಹೇಳುವ ಮಾತಿಗೆ ಹತ್ತಿರ. ಟ್ಯಾಗೋರರ ನಾಟಕ ನನಗೆ ಇಷ್ಟ. ಹಾಗಾಗಿ ಒಪ್ಪುವುದಿಲ್ಲ. ಆದರೆ ಒಪ್ಪದಿರಲು ನನಗೆ ಅಲ್ಲಿ ಜಾಗ ಇದೆ.

ವಿಚಾರವಾದಿಗಳು ಜನರ ನಂಬಿಕೆಗಳ ಬಗ್ಗೆ ಬೀಗುವ ಧಾಟಿಯಲ್ಲಿ ಮಾತಾಡುವುದಿಲ್ಲವೇ?

ಕೆಲವರು ಮಾತಾಡುತ್ತಾರೆ. ಹರಕೆ ಹೊತ್ತ ಹೆಂಗಸಿನ ಎದುರು ನಿಂತು ನಗುವವನಿಗೆ ಆಕೆಯ ಬದುಕಿನ ಬಗ್ಗೆ ಏನೂ ಗೊತ್ತಿರುವುದಿಲ್ಲ. ಅದನ್ನು ಹೇಳಬೇಕು.

ಆದರೆ ಈ ಪುಟ ಬರೆಯುತ್ತಿರುವುದು ಧಾರವಾಡದಲ್ಲಿ ಕೂತು. ಇಲ್ಲೇ, 2015ರ ಆಗಸ್ಟ್ 30ರಂದು ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ವಚನಗಳ ಬಗ್ಗೆ, ಶಾಸನಗಳ ಬಗ್ಗೆ ಜೀವಮಾನ ಇಡೀ ಕೆಲಸ ಮಾಡಿದವರು. ಅದಾದ ಮೇಲೆ ಈ ಊರಿನಲ್ಲಿ ಭಿನ್ನ ಮಾತಾಡಿದವರ ಬಗ್ಗೆ ಯಾರಾದರೂ ಮೊದಲು ಧಾಟಿಯ ಪ್ರಶ್ನೆ ಎತ್ತಿದರೆ ನನಗೆ ಸರಿಬರುವುದಿಲ್ಲ. ಏನು ಹೇಳಿದರು ಅನ್ನುವುದು ಮೊದಲು. ಹೇಗೆ ಹೇಳಿದರು ಅನ್ನುವುದು ಆಮೇಲೆ, ಬೇಕಿದ್ದರೆ.

ಪೂರ್ತಿ ಓದದೇ ಸಾರಾಸಗಟಾಗಿ ತಳ್ಳಿಹಾಕುವುದು ಸೊಕ್ಕಲ್ಲವೇ?

ಸಾಮಾನ್ಯವಾಗಿ ಹೌದು. ಆದರೆ 1973ರ ಬೂಸಾ ಪ್ರಕರಣ ನೆನಪಿಡಿ. ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಗಲಾಟೆಯಾಯಿತು, ಮಂತ್ರಿಗಿರಿ ಹೋಯಿತು. ಎಷ್ಟು ಓದಿದ್ದಾರೆ ಇವರು ಅಂತ ಕೇಳಿದವರು ಬಹಳ. ಈ ಸಾಹಿತ್ಯದಲ್ಲಿ ದಲಿತರ ಬದುಕು ಎಷ್ಟಿದೆ ಅಂತ ಪುಟ ತಿರುವಿದವರು ಆಗ ಕಡಿಮೆ. ಆ ಕೆಲಸವನ್ನು ಮುಂದೆ ದಲಿತ, ಬಂಡಾಯ ಬರಹಗಾರರೇ ಮಾಡಿದರು. ಒಂದು ಒರಟು ಮಾತಿನಲ್ಲಿ ಸೊಕ್ಕು ಹುಡುಕುವುದು ಸುಲಭ. ಬಹಳ ವರ್ಷಗಳ ತೃಪ್ತ ಮೌನದಲ್ಲಿ ಅದನ್ನು ಹುಡುಕುವುದಕ್ಕೆ ತಾಳ್ಮೆ ಬೇಕು.

ವ್ಯಂಗ್ಯ ಬರೆದರೆ ಬೀಗಿದಂತೆಯೇ?

ಇಲ್ಲ. ಚಂದ್ರಶೇಖರ ಪಾಟೀಲರು ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನವರು, ಧಾರವಾಡದಿಂದ 'ಸಂಕ್ರಮಣ' ನಡೆಸಿದರು. ಚಂಪಾ ಅಂದರೆ ಚುಚ್ಚು ಮಾತು ಅಂತಲೇ ಹೆಸರು. ಆದರೆ ಅವರು ಚುಚ್ಚಿದ್ದು ಎದುರಿಗಿದ್ದವರನ್ನು. ಅಧಿಕಾರದಲ್ಲಿದ್ದವರನ್ನು, ಜೊತೆಯ ಸಾಹಿತಿಗಳನ್ನು. ಚುಚ್ಚಿಸಿಕೊಂಡವರಿಗೆ ತಿರುಗಿ ಬರೆಯಲು ಕೈ ಇತ್ತು, ಪತ್ರಿಕೆ ಇತ್ತು.

ತೀರಾ ವಿನಯದಿಂದ ಮಾತಾಡುವವರೂ ಒಮ್ಮೊಮ್ಮೆ ಬೀಗುವ ಹಾಗೆ ಕಾಣುತ್ತಾರೆ. ಯಾಕೆ?

"ನಾನೇನೂ ದೊಡ್ಡ ವಿದ್ವಾಂಸನಲ್ಲ" ಅಂತ ಶುರು ಮಾಡಿ ಮುಕ್ಕಾಲು ಗಂಟೆ ಮೈಕು ಬಿಡದವರನ್ನು ನೀವೂ ನೋಡಿರುತ್ತೀರಿ. "ಎನಗಿಂತ ಕಿರಿಯರಿಲ್ಲ" ಅಂತ ಬಸವಣ್ಣನವರ ಸಾಲು ಹೇಳುತ್ತಾ, ಅಧ್ಯಕ್ಷರ ಕುರ್ಚಿ ಯಾಕೆ ನಡುವೆ ಇಟ್ಟಿಲ್ಲ ಅಂತ ಕಣ್ಣಲ್ಲೇ ಕೇಳುವವರೂ ಇದ್ದಾರೆ. ಇದಕ್ಕೆ ಮದ್ದಿಲ್ಲ. ಚೀಟಿ ಕಳಿಸಿ.

"ಲೋಕದ ಡೊಂಕ ನೀವೇಕೆ ತಿದ್ದುವಿರಿ" ಅಂತ ವಚನ ಹೇಳಿ ಬಾಯಿ ಮುಚ್ಚಿಸುತ್ತಾರೆ.

ಆ ವಚನ ಬರೆದ ಬಸವಣ್ಣನವರು ಕಲ್ಯಾಣದ ಡೊಂಕು ತಿದ್ದಲು ಹೋಗಿ ಎಲ್ಲ ಕಳೆದುಕೊಂಡವರು. ಅದನ್ನು ಮೆಲ್ಲಗೆ ನೆನಪಿಸಿ.

ಸರಿ, ವಿಮರ್ಶೆಯಲ್ಲಿ ಇದನ್ನು ಬರೆಯುವುದು ಹೇಗೆ?

ಇಂಥ ಒಂದು ವಾಕ್ಯ ತೆಗೆದುಕೊಳ್ಳಿ: "ನಾಟಕದಲ್ಲಿ ನಿರ್ದೇಶಕರ ಅಹಂಕಾರ ಎದ್ದು ಕಾಣುತ್ತದೆ." ಇದರಿಂದ ಓದುಗರಿಗೆ ಏನೂ ಸಿಗಲಿಲ್ಲ. ನಿರ್ದೇಶಕರಿಗೆ ಸಿಟ್ಟು ಸಿಕ್ಕಿತು. ಅದೇ ಮಾತನ್ನು ಹೀಗೆ ಬರೆಯಬಹುದು: "ಎರಡನೇ ಅಂಕದಲ್ಲಿ ಬರುವ ಹಳ್ಳಿಯ ಮಾಸ್ತರರಿಗೆ ಒಂದೂ ಜಾಣ ಮಾತಿಲ್ಲ. ಪಟ್ಟಣದಿಂದ ಬಂದ ಹುಡುಗಿ ಕೇಳುವ ಪ್ರತಿ ಪ್ರಶ್ನೆಗೂ ಅವರು ತಡವರಿಸುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದವರು ಒಂದಾದರೂ ಮರುಪ್ರಶ್ನೆ ಕೇಳುತ್ತಿರಲಿಲ್ಲವೇ?" ಈಗ ನಿರ್ದೇಶಕರು ಸಿಟ್ಟಾದರೂ ಪರವಾಗಿಲ್ಲ. ಮುಂದಿನ ಪ್ರಯೋಗದಲ್ಲಿ ಮಾಸ್ತರರಿಗೆ ಎರಡು ಮಾತು ಸಿಗಬಹುದು.

ಮನಸ್ಸಿನ ಬಗ್ಗೆ ಊಹೆ ಬರೆಯಬೇಡಿ. ವೇದಿಕೆ ಮೇಲೆ ಕಂಡದ್ದನ್ನು ಬರೆಯಿರಿ.

ನನ್ನ ಬರಹದಲ್ಲೇ ಈ ಧಾಟಿ ಇದೆಯೋ ಅಂತ ತಿಳಿಯುವುದು ಹೇಗೆ?

ಕೆಲವು ಪದ ಹುಡುಕಿ. "ಎಲ್ಲರಿಗೂ ಗೊತ್ತಿರುವಂತೆ." ಎಲ್ಲರಿಗೂ ಗೊತ್ತಿದ್ದರೆ ಯಾಕೆ ಬರೆದಿರಿ? "ಪ್ರಬುದ್ಧ ಓದುಗರು." ಉಳಿದವರು ಯಾರು? "ಸಾಮಾನ್ಯ ಪ್ರೇಕ್ಷಕ." ಈತನನ್ನು ನಾನು ಇವತ್ತಿನ ತನಕ ಭೇಟಿಯಾಗಿಲ್ಲ. ಶಿರಹಟ್ಟಿಯ ಜಾತ್ರೆಯಲ್ಲೂ ಸಿಗಲಿಲ್ಲ. "ಪಾಪ" ಅನ್ನುವ ಪದ ವಿಮರ್ಶೆಯಲ್ಲಿ ಬಂದರೆ ತೊಂಬತ್ತು ಪಾಲು ಹೊಡೆದುಹಾಕಬಹುದು.

ಆಮೇಲೆ, ಆ ಕೃತಿಯಿಂದ ನೀವು ಕಲಿತ ಒಂದು ಸಂಗತಿ ಲೇಖನದಲ್ಲಿ ಇದೆಯೇ ನೋಡಿ. ಹಾವೇರಿ ಜಿಲ್ಲೆಯವರು ತಮ್ಮವನು ಅಂತ ಹೇಳಿಕೊಳ್ಳುವ ಸರ್ವಜ್ಞ, ತಾನು ಗರ್ವದಿಂದ ಆದವನಲ್ಲ, ಎಲ್ಲರಿಂದ ಒಂದೊಂದು ನುಡಿ ಕಲಿತು ಆದವನು ಅನ್ನುತ್ತಾನೆ. ಹೆಸರೇ ಸರ್ವಜ್ಞ ಇರುವವನಿಗೆ ಈ ವಿವರಣೆ ಕೊಡಬೇಕು ಅನ್ನಿಸಿತು ನೋಡಿ. ಕೃತಿ ತೀರಾ ಕೆಟ್ಟದಾಗಿದ್ದು, ಕಲಿಯಲು ನಿಜಕ್ಕೂ ಏನೂ ಇಲ್ಲದಿದ್ದರೆ ಸುಳ್ಳು ಬರೆಯಬೇಡಿ. ಅಂಥ ಲೇಖನ ಗಿಡ್ಡದಾಗಿದ್ದರೆ ಸಾಕು.

ಮಕ್ಕಳ ನಾಟಕ, ಕಾಲೇಜು ನಾಟಕಕ್ಕೂ ಇದೇ ಅಳತೆಯೇ?

ಮಕ್ಕಳ ನಾಟಕಕ್ಕೆ ಬೇಡ. ಕಾಲೇಜು ನಾಟಕಕ್ಕೆ ಬೇಕು, ಆದರೆ ದೊಡ್ಡವರ ಸೊಕ್ಕನ್ನು ನಕಲು ಮಾಡುತ್ತಿದ್ದಾರೆಯೇ ಅಂತ ಮೊದಲು ನೋಡಿ. ಹಾಗಿದ್ದರೆ ಬರೆಯಬೇಕಾದದ್ದು ಬರೆದುಕೊಟ್ಟ ಮೇಷ್ಟ್ರ ಬಗ್ಗೆ.

ನಾನು ಬರೆದದ್ದಕ್ಕೆ ಒಬ್ಬ ನಿರ್ದೇಶಕರು ಮಾತು ಬಿಟ್ಟಿದ್ದಾರೆ. ಏನು ಮಾಡಲಿ?

ಬೆಂಗಳೂರಿನಲ್ಲಾದರೆ ಬೇರೆ ಬಡಾವಣೆಯಲ್ಲಿ ಬದುಕಬಹುದು. ಇಲ್ಲಿ ಆಗಲ್ಲ. ನಾಳೆ ಬೆಳಿಗ್ಗೆ ಅದೇ ಚಹಾದಂಗಡಿಯಲ್ಲಿ ಸಿಗುತ್ತಾರೆ. ಕ್ಷಮೆ ಕೇಳಲು ಹೋಗಬೇಡಿ, ಬರೆದದ್ದು ಸರಿ ಇದ್ದರೆ. ಸಮಜಾಯಿಷಿ ಕೊಡುವುದೂ ಬೇಡ. ಅವರ ಮುಂದಿನ ನಾಟಕಕ್ಕೆ ಪಾಸು ಕೇಳದೆ ಟಿಕೆಟ್ ತೆಗೆದುಕೊಂಡು ಹೋಗಿ. ನಡುವೆ ಫೋನು ನೋಡಬೇಡಿ. ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ, ಯಾವ ದೃಶ್ಯ ಅಂತ ಹೆಸರಿಸಿ ಬರೆಯಿರಿ. ಚೆನ್ನಾಗಿಲ್ಲದಿದ್ದರೆ ಮತ್ತೆ ಬರೆಯಿರಿ, ಚಹಾದಂಗಡಿ ಬದಲಿಸಿ.